ಪೇರಲ ಗಿಡದ ಟೇಪು

ಹಿಟ್ಟಿನ ಗಿರಣಿಯಲ್ಲಿ ಹುಟ್ಟಿ ಬೆಳೆದವನಿಗೆ ಸದ್ದೆಂದರೆ ಆಗುವುದಿಲ್ಲ ಎಂದರೆ ನಂಬುವುದು ಕಷ್ಟ. ಸಂಗನಬಸಪ್ಪ ಮಾತ್ರ ಹಾಗೇ ಇದ್ದ. ಗದಗಿನಲ್ಲಿ ಅವರ ಮನೆಯ ಮುಂದಿನ ಕೋಣೆಯೇ ಗಿರಣಿ. ಬೆಳಗಾಗುವ ಹೊತ್ತಿಗೆ ಪಟ್ಟಾ ತಿರುಗಲು ಶುರುವಾದರೆ ಕತ್ತಲಾಗುವ ತನಕ ನಿಲ್ಲುತ್ತಿರಲಿಲ್ಲ. ಅವನ ತಾಯಿ ಶಂಕ್ರವ್ವ ಆ ಗದ್ದಲದ ಮೇಲೆ ದನಿ ಏರಿಸಿ ಏರಿಸಿ, ಗಿರಣಿ ಮಾರಿದ ಮೇಲೂ, ದೇವರ ಮುಂದೆ ಕೈಮುಗಿದು ನಿಂತಾಗಲೂ ಕೂಗಿಯೇ ಮಾತಾಡುತ್ತಿದ್ದಳು. ಸಂಜೆ ಪಟ್ಟಾ ನಿಂತ ಕೂಡಲೇ ಕಿವಿಯೊಳಗೆ ಇಳಿಯುವ ನಿಶ್ಶಬ್ದವಿದೆಯಲ್ಲ, ಅದಕ್ಕಿಂತ ರುಚಿಯಾದದ್ದು ಅವನಿಗೆ ಲೋಕದಲ್ಲಿ ಇನ್ನೊಂದಿರಲಿಲ್ಲ. ಮುಂದೆ ಸಂಗೀತದ ಹುಚ್ಚು ಹಿಡಿದದ್ದೂ ಆ ರುಚಿಗಾಗಿಯೇ. ಎಲ್ಲರೂ ಹಾಡು ಕೇಳಿದರೆ ಇವನು ಹಾಡುಗಾರ ಉಸಿರು ಹಿಡಿದು ನಿಲ್ಲಿಸಿದ ಜಾಗವನ್ನು ಕೇಳುತ್ತಿದ್ದ.

1965ರಲ್ಲಿ ಎಂ.ಎಸ್. ಓದಲು ಲಾಸ್ ಏಂಜಲೀಸಿಗೆ ಬಂದ. ಓದು ಮುಗಿದ ಮೇಲೆ ಪೊಮೊನಾದಲ್ಲಿ ಅಳತೆಯ ಉಪಕರಣ ಮಾಡುವ ಕಂಪನಿಯೊಂದರಲ್ಲಿ ಇಂಜಿನಿಯರ್ ಕೆಲಸ ಸಿಕ್ಕಿತು. ಊರಿಗೆ ಹೋಗಿ ಜಯದೇವಿಯನ್ನು ಮದುವೆಯಾಗಿ ಕರೆತಂದು, ವೆಸ್ಟ್ ಕೊವಿನಾದಲ್ಲಿ ಮನೆ ಮಾಡಿದ. ಹೊಸ ಮನೆಗೆ ಮೊದಲು ಬಂದದ್ದು ಸೋಫಾ ಅಲ್ಲ, ಮಂಚವೂ ಅಲ್ಲ. ದೊಡ್ಡ ಸುರುಳಿಯ ಟೇಪ್ ರೆಕಾರ್ಡರ್. ಅದಕ್ಕೊಂದು ಮೇಜು ಬಂತು, ಜಯದೇವಿ ಆರು ತಿಂಗಳು ನೆಲದ ಮೇಲೆ ಕೂತು ಉಂಡಳು. ಅವಳಿಗೆ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸವಾದ ಮೇಲೆ ತನ್ನ ಸಂಬಳದಲ್ಲೇ ಸೋಫಾ ತಂದಳು. ಅದು ಬಂದದ್ದರಿಂದ ಕೋಣೆಯ ಗುಂಯ್‌ಗುಡುವಿಕೆ ಕಡಿಮೆಯಾಯಿತೆಂದು ಅವನು ಸಂತೋಷಪಟ್ಟನಂತೆ. ಕೂರಲು ಹಿತವಾಗಿದೆ ಎಂಬ ಮಾತು ಬರಲಿಲ್ಲ.

ಹುಚ್ಚರಿಗೆ ಹುಚ್ಚರು ಸಿಕ್ಕೇ ಸಿಗುತ್ತಾರೆ. ಮೈಸೂರಿನ ಕೃಷ್ಣಸ್ವಾಮಿ ಪೊಮೊನಾದ ಯೂನಿವರ್ಸಿಟಿಯಲ್ಲಿ ಗಣಿತದ ಪ್ರೊಫೆಸರ್, ಪಕ್ಕದ ವಾಲ್‌ನಟ್ ಊರಿನಲ್ಲಿ ಮನೆ. ಬೆಂಗಳೂರಿನ ಡಾಕ್ಟರ್ ಗೋಪಿನಾಥ ಸ್ಯಾನ್ ಡಿಯಾಗೋದಿಂದ ಅಷ್ಟು ದೂರ ಡ್ರೈವ್ ಮಾಡಿಕೊಂಡು ಬರುತ್ತಿದ್ದ. ಹೆಚ್ಚು ದುಡ್ಡಿನ ಸ್ಪೀಕರ್ ಅವನದು, ಚುರುಕು ಕಿವಿ ಸಂಗನಬಸಪ್ಪನದು. ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಮೂವರೂ ಸಂಗನಬಸಪ್ಪನ ಮನೆಯಲ್ಲಿ ಸೇರಿ ಒಂದು ಟೇಪು ಹಾಕಿ ಕೇಳುವುದು, ಮುಗಿದ ಮೇಲೆ ಅವರವರ ನೆನಪು ಹೇಳುವುದು. ಕೃಷ್ಣಸ್ವಾಮಿ ಹುಡುಗನಾಗಿದ್ದಾಗ ದಸರಾ ಕಚೇರಿಗಳನ್ನು ಕಾಂಪೌಂಡಿನ ಹೊರಗೆ ನಿಂತು ಮೈಕಿನ ಕಹಳೆಯಲ್ಲಿ ಕೇಳಿದವನು. ಆ ಗರಗರ ಸೇರದ ಸಂಗೀತ ಇವತ್ತಿಗೂ ಸಪ್ಪೆ ಎನ್ನುತ್ತಿದ್ದ. ಗೋಪಿನಾಥನಿಗೆ ಮೆಡಿಕಲ್ ಹಾಸ್ಟೆಲಿನಲ್ಲಿ ಕಂಬಳಿಯೊಳಗೆ ಇಟ್ಟುಕೊಂಡು ಕೇಳಿದ ರೇಡಿಯೋ, ಅದರಲ್ಲಿ ಬಂದು ಬಂದು ಮಾಯವಾಗುತ್ತಿದ್ದ ದೂರದ ದನಿಗಳು. ಸಂಗನಬಸಪ್ಪ ತನ್ನದೇನೂ ಹೇಳುತ್ತಿರಲಿಲ್ಲ. ಗಿರಣಿ ನಿಂತದ್ದನ್ನು ನೆನಪು ಅಂತ ಹೇಗೆ ಹೇಳುವುದು?

ಅವರ ನಿಯಮ ಒಂದೇ. ಟೇಪು ಓಡುವಾಗ ಪಿಟ್ಟೆನ್ನಬಾರದು. ಲೋಟ ಟೀಪಾಯಿಗೆ ತಾಗಬಾರದು. ಫ್ರಿಜ್ ಗುರ್ ಅನ್ನುತ್ತದೆಂದು ಅದರ ಪ್ಲಗ್ಗನ್ನೂ ಕಿತ್ತಿಡುತ್ತಿದ್ದರು. ಒಮ್ಮೆ ಮತ್ತೆ ಹಾಕಲು ಮರೆತು ಜಯದೇವಿಯ ಒಂದು ವಾರದ ಅಡುಗೆ ಕೆಟ್ಟುಹೋಯಿತು. ಈ ಕೂಟಕ್ಕೆ ಮೂಗರ ಸಂಘ ಎಂದು ಹೆಸರಿಟ್ಟವಳು ಕೃಷ್ಣಸ್ವಾಮಿಯ ಹೆಂಡತಿ ವತ್ಸಲಾ.

ವತ್ಸಲಾಗೆ ಮಾತಾಡದೆ ಇರುವುದೆಂದರೆ ಉಸಿರು ಕಟ್ಟಿದಷ್ಟೇ ಕಷ್ಟ. ಮೂಗರು ಹೊರಗೆ ಕೂತಾಗ ಅಡುಗೆಮನೆಯಲ್ಲಿ ಜಯದೇವಿಯ ಕಿವಿಯಲ್ಲಿ ಪಿಸುಗುಟ್ಟುತ್ತ, ನಗು ತಡೆಯಲಾರದೆ ಸೆರಗು ಬಾಯಿಗೆ ಒತ್ತಿಕೊಳ್ಳುತ್ತಿದ್ದಳು. ಇಂಥ ಮಾತುಗಾತಿಗೆ ಮೈಕ್ ಕಂಡರೆ ಮಾತ್ರ ಹೆದರಿಕೆ. ಹುಟ್ಟುಹಬ್ಬಕ್ಕೆ ರೆಕಾರ್ಡ್ ಮಾಡೋಣವೆಂದರೆ ಎದ್ದು ಆಚೆ ಹೋಗಿಬಿಡುವಳು. ಅವಳ ದನಿ ಅಪ್ಪಿತಪ್ಪಿ ಟೇಪಿಗೆ ಸಿಕ್ಕಿದ್ದು ಒಂದೇ ಸಲ.

1972ರಲ್ಲಿ ಧಾರವಾಡ ಕಡೆಯ ಒಬ್ಬ ವಯಸ್ಸಾದ ಗಾಯಕರು ಅಮೆರಿಕಕ್ಕೆ ಬಂದಿದ್ದರು. ಕೃಷ್ಣಸ್ವಾಮಿಯ ವಾಲ್‌ನಟ್ ಮನೆಯ ಪಡಸಾಲೆಯಲ್ಲಿ ಹಾಡಲು ಒಪ್ಪಿದರು. ಜಾಗ ಸಾಲದೆ ಸಂಗನಬಸಪ್ಪ ಮೈಕಿನ ಸ್ಟ್ಯಾಂಡನ್ನು ಅಡುಗೆಮನೆಯ ಬಾಗಿಲ ಪಕ್ಕ ನಿಲ್ಲಿಸಿದ್ದ. ಹಾಡು ನಿಧಾನಕ್ಕೆ ಏರುತ್ತ ಏರುತ್ತ ಒಂದು ಕಡೆ ಬಂದು ಗಾಯಕರು ನಿಂತರು. ಬರೀ ತಂಬೂರಿ. ಸಂಗನಬಸಪ್ಪ ಇಂಥ ನಿಲುಗಡೆಯನ್ನು ಹಿಂದೆಂದೂ ಕೇಳಿರಲಿಲ್ಲ, ಕಣ್ಣಲ್ಲಿ ನೀರು ಬಂತು. ಆಗ ಗ್ಯಾರೇಜಿನಿಂದ ಎರಡೂ ಕೈಯಲ್ಲಿ ಸಾರಿನ ದೊಡ್ಡ ಪಾತ್ರೆ ಹಿಡಿದು ಬಂದ ವತ್ಸಲಾ, ಬಾಗಿಲಲ್ಲಿ ನಿಂತು ಒಲೆಯ ಕಡೆ ನೋಡಿ ಗಂಡನನ್ನು ಕೂಗಿದಳು.

"ರೀ, ಹಾಲು ಉಕ್ತಾ ಇದೆ, ಸ್ವಲ್ಪ ಆ ಒಲೆ ಆರಿಸ್ಬಾರ್ದಾ, ಕೇಳಿಸ್ತಾ ಇಲ್ವಾ ನಿಮಗೆ?"

ಮುಂದಿನ ಸಾಲಿನಲ್ಲಿದ್ದ ಕೃಷ್ಣಸ್ವಾಮಿ ತಿರುಗಿ ನೋಡಲಿಲ್ಲ. ಕೂತಲ್ಲಿಂದಲೇ ಕೈಯೆತ್ತಿ ಅಂಗೈ ತೋರಿಸಿದ, ಸುಮ್ಮನಿರು ಎಂದು. ಹಾಲು ಉಕ್ಕಿತು, ಸೀದ ವಾಸನೆ ಪಡಸಾಲೆಗೆಲ್ಲ ಹರಡಿತು, ಗಾಯಕರು ನಕ್ಕು ಹಾಡು ಮುಂದುವರಿಸಿದರು. ಊರಿಗೆ ಮರಳಿದ ಮರುವರ್ಷವೇ ಅವರು ತೀರಿಕೊಂಡದ್ದರಿಂದ ಆ ಟೇಪಿಗೆ ಎಲ್ಲಿಲ್ಲದ ಬೆಲೆ ಬಂತು.

ಮೂರು ವರ್ಷ ಸಂಘ ಆ ಟೇಪನ್ನು ಹಾಲಿನ ಸಮೇತ ಕೇಳಿತು. ಪ್ರತಿಸಲವೂ ಆ ಜಾಗ ಬಂದಾಗ ಎಲ್ಲರೂ ನಗುವರು, ಸಂಗನಬಸಪ್ಪ ಹಲ್ಲು ಕಚ್ಚುವನು. ಅವನ ಪಾಲಿಗೆ ಅದು ಜೀವಮಾನದ ನಿಶ್ಶಬ್ದ, ಅದರ ನಡುವೆ ಒಲೆ, ಹಾಲು. 1975ರ ಒಂದು ಭಾನುವಾರ ಬ್ಲೇಡು ತೆಗೆದುಕೊಂಡು ಕೂತ. ವತ್ಸಲಾಳ ಮಾತು ಇದ್ದಷ್ಟನ್ನು ಕತ್ತರಿಸಿ, ತಂಬೂರಿಯ ಮೀಟಿಗೆ ಮೀಟು ಕೂಡಿಸಿ ಅಂಟಿಸಿದ. ಬೆಸುಗೆ ಎಲ್ಲಿದೆಯೆಂದು ಗೋಪಿನಾಥನಿಗೂ ಗೊತ್ತಾಗಲಿಲ್ಲ. ಕೃಷ್ಣಸ್ವಾಮಿ ಬೆನ್ನು ತಟ್ಟಿದ.

ವತ್ಸಲಾ ಅಡುಗೆಮನೆಯಿಂದ ಬಂದು ತನ್ನ ಮಾತು ಎಲ್ಲಿ ಹೋಯಿತೆಂದು ಕೇಳಿದಳು. ಜಯದೇವಿ ನಗುತ್ತ ಅವಳ ಕೈಹಿಡಿದು ಹಿತ್ತಲಿಗೆ ಕರೆದೊಯ್ದಳು. ಅಲ್ಲಿ ಅವಳು ಪ್ರಾಣದಂತೆ ಬೆಳೆಸಿದ ಪೇರಲ ಗಿಡವಿತ್ತು. ಹಣ್ಣು ಬಣ್ಣಕ್ಕೆ ತಿರುಗಿದರೆ ಸಾಕು, ಹಕ್ಕಿಗಳು ಕುಕ್ಕಿ ಹಾಳು ಮಾಡುತ್ತಿದ್ದವು. ಗಂಡ ಕತ್ತರಿಸಿ ಎಸೆದ ಟೇಪಿನ ತುಂಡುಗಳನ್ನೆಲ್ಲ ಅವಳು ಕೊಂಬೆಯಿಂದ ಬೇಲಿಗೆ ಎಳೆದು ಬಿಗಿಯಾಗಿ ಕಟ್ಟುತ್ತಿದ್ದಳು. ಗಾಳಿ ಬೀಸಿದರೆ ಅವು ಗುಂಯ್ ಎಂದು ನಡುಗುತ್ತಿದ್ದವು, ಹಕ್ಕಿಗಳು ಹತ್ತಿರ ಬರುತ್ತಿರಲಿಲ್ಲ. ವತ್ಸಲಾಳ ತುಂಡೂ ಆ ಬೆಳಿಗ್ಗೆಯೇ ಗಿಡ ಹತ್ತಿತ್ತು. ವತ್ಸಲಾ ಅದರ ಹತ್ತಿರ ಕಿವಿಯಿಟ್ಟು ಸ್ವಲ್ಪ ಹೊತ್ತು ಕೇಳಿದಳು.

"ನನ್ನ ದನಿ ಇಷ್ಟು ಕೀರಲಾ ಜಯಾ?" ಎಂದಳು. ಇಬ್ಬರೂ ಬಿದ್ದು ಬಿದ್ದು ನಕ್ಕರು.

ಆ ವರ್ಷ ಮರುಭೂಮಿಯ ಬಿಸಿಗಾಳಿ ಎದ್ದಾಗ ಗಿಡ ಹಗಲಿಡೀ ಗುನುಗುತ್ತಿತ್ತು. ಟೇಪು ಕೇಳಲು ಕೂತ ಸಂಗನಬಸಪ್ಪನಿಗೆ ಅದು ಕಿರಿಕಿರಿ. ಬಿಚ್ಚಿ ಹಾಕು ಎಂದು ಹೆಂಡತಿಯನ್ನು ಗದರಿದ. ಹಣ್ಣು ತಿನ್ನುವಾಗ ಸಪ್ಪಳ ಬೇಡ ಅನ್ನುವುದಿಲ್ಲವಲ್ಲ ಎಂದು ಅವಳು ತಿರುಗಿ ಕೇಳಿದಳು. ಗಿಡ ಗುನುಗುತ್ತಲೇ ಇತ್ತು.

1979ರ ಅಕ್ಟೋಬರಿನಲ್ಲಿ ವತ್ಸಲಾ ಸತ್ತಳು. ಅದು ಹೇಗಾಯಿತೆಂದು ಕೃಷ್ಣಸ್ವಾಮಿ ಸಂಗನಬಸಪ್ಪನೊಬ್ಬನಿಗೇ ಹೇಳಿದ. ಮಧ್ಯಾಹ್ನ ಅವಳು ಅಡುಗೆಮನೆಯಲ್ಲಿ ಕಾಫಿಗೆ ಹಾಲಿಟ್ಟಿದ್ದಳು. ಅವನು ಪಕ್ಕದ ಕೋಣೆಯಲ್ಲಿ ಹೊಸ ಹೆಡ್‌ಫೋನ್ ಹಾಕಿಕೊಂಡು ಸಂಗೀತ ಕೇಳುತ್ತಿದ್ದ. ಹೊರಗಿನ ಒಂದು ಸದ್ದೂ ಒಳಗೆ ಬಿಡದ ಹೆಡ್‌ಫೋನ್ ಅದು, ಸಂಗನಬಸಪ್ಪನೇ ಆರಿಸಿಕೊಟ್ಟಿದ್ದ. ಸೀದ ಹಾಲಿನ ವಾಸನೆ ಮೂಗಿಗೆ ಬಡಿದಾಗ ಎದ್ದು ಹೋಗಿ ನೋಡಿದರೆ ವತ್ಸಲಾ ನೆಲದ ಮೇಲಿದ್ದಳು. ಮೆದುಳಿನಲ್ಲಿ ರಕ್ತನಾಳ ಒಡೆದಿತ್ತು. ಬಿದ್ದ ಕೂಡಲೇ ಜೀವ ಹೋಗಿರಲಿಕ್ಕಿಲ್ಲ ಎಂದು ಡಾಕ್ಟರು ಅಂದರಂತೆ.

"ಅವಳು ಕರೆದ್ಲೋ ಇಲ್ವೋ, ಗೊತ್ತಿಲ್ಲ ಕಣೋ," ಎಂದ ಕೃಷ್ಣಸ್ವಾಮಿ.

ಹತ್ತನೆಯ ದಿನ ಹಿತ್ತಲ ಗೋಡೆಯ ಮೇಲೆ ಬಾಳೆಲೆಯಲ್ಲಿ ಅನ್ನದ ಪಿಂಡ ಇಟ್ಟರು. ವಾಲ್‌ನಟ್‌ನಲ್ಲಿ ಕಾಗೆಗಳಿಗೇನೂ ಕೊರತೆಯಿಲ್ಲ. ತಂತಿಯ ಮೇಲೆ ಸಾಲಾಗಿ ಕೂತು ನೋಡಿದವು, ಒಂದೂ ಕೆಳಗಿಳಿಯಲಿಲ್ಲ. ಕಾಗೆ ಮುಟ್ಟದಿದ್ದರೆ ಸತ್ತವರಿಗೆ ಏನೋ ಆಸೆ ಉಳಿದಿದೆ ಎಂದು ನಮ್ಮವರು ಹೇಳುತ್ತಾರಲ್ಲ. ಕೃಷ್ಣಸ್ವಾಮಿ ಅವಳ ತಾಯಿಯನ್ನು ನೋಡಿಕೊಳ್ಳುತ್ತೇನೆಂದ, ಗಯೆಗೆ ಹೋಗುತ್ತೇನೆಂದ, ತೋಚಿದ್ದನ್ನೆಲ್ಲ ಗಟ್ಟಿಯಾಗಿ ಹೇಳಿಕೊಂಡ. ಸಂಜೆಯ ಹೊತ್ತಿಗೆ ಅನ್ನಕ್ಕೆ ಇರುವೆ ಹತ್ತಿತು. ಜೀವನವೆಲ್ಲ ಗಣಿತ ಕಲಿಸಿದ ಮನುಷ್ಯ ಆ ಗೋಡೆಯ ಹತ್ತಿರ ನಿಂತು ಚಿಕ್ಕ ಮಗುವಿನಂತೆ ಅತ್ತುಬಿಟ್ಟ.

ಒಂದು ತಿಂಗಳಾದ ಮೇಲೆ ಅವನು ವೆಸ್ಟ್ ಕೊವಿನಾಕ್ಕೆ ಬಂದ. ಅವಳ ದನಿ ಒಂದು ಸಲ ಕೇಳಬೇಕು, ಇಲ್ಲದಿದ್ದರೆ ಹುಚ್ಚು ಹಿಡಿಯುತ್ತದೆ ಎಂದ. ಮನೆಯ ಮೂವಿ ಕ್ಯಾಮೆರಾದ ಚಿತ್ರಗಳೆಲ್ಲ ಮೂಕ. ಅವುಗಳಲ್ಲಿ ವತ್ಸಲಾ ಬಾಯಿ ಆಡಿಸುತ್ತಾಳೆ, ಏನೂ ಕೇಳುವುದಿಲ್ಲ. ಮೈಸೂರಿನ ತಾಯಿಗೆ ಕಾಗದದ ಬದಲು ಕ್ಯಾಸೆಟ್ಟಿನಲ್ಲಿ ಮಾತಾಡಿ ಕಳಿಸು ಎಂದರೆ, ಮೈಕಿಗೆ ಹೆದರಿ ಒಂದೇ ಒಂದು ಕಳಿಸಿದ್ದಳು. ಅದರ ಮೇಲೆ ಅವಳ ತಮ್ಮ ಕ್ರಿಕೆಟ್ ಕಾಮೆಂಟರಿ ಹಿಡಿದಿದ್ದ.

"ಆವತ್ತು ಕಟ್ ಮಾಡಿದ್ಯಲ್ಲ, ಹಾಲಿನ ತುಂಡು, ಅದು ಇಟ್ಕೊಂಡಿರ್ತೀಯ ತಾನೆ? ನೀನು ಏನನ್ನೂ ಬಿಸಾಕೋನಲ್ಲ."

ಸಂಗನಬಸಪ್ಪ ಹಿಂತಿರುಗಿ ನೋಡಿದ. ಅಡುಗೆಮನೆಯ ಬಾಗಿಲಲ್ಲಿ ಜಯದೇವಿ ನಿಂತಿದ್ದಳು.

"ಐತಿ," ಎಂದ. ಮುಂದಿನ ಭಾನುವಾರ ಬನ್ನಿ, ಹುಡುಕಿ ಇಟ್ಟಿರುತ್ತೇನೆ, ಗೋಪಿನಾಥನಿಗೂ ಹೇಳುತ್ತೇನೆ ಎಂದ. ಕೃಷ್ಣಸ್ವಾಮಿ ಎಷ್ಟೋ ದಿನಗಳ ಮೇಲೆ ಸ್ವಲ್ಪ ನಕ್ಕು ಹೋದ.

ಅವನ ಕಾರು ತಿರುವು ದಾಟುವ ಮೊದಲೇ ಜಯದೇವಿ ಹರಿಹಾಯ್ದಳು. ಹೆಂಡತಿ ಸತ್ತವನ ಮುಂದೆ ಇಂಥ ಸುಳ್ಳು ಹೇಳಲು ನಾಲಿಗೆಯಾದರೂ ಹೇಗೆ ಬಂತು ಎಂದು ಕೇಳಿದಳು. ಅವನು ನೇರ ಹಿತ್ತಲಿಗೆ ಹೋದ. ಗಿಡದಲ್ಲಿ ಹಳೆಯ ತುಂಡುಗಳು ಅಲ್ಲೊಂದು ಇಲ್ಲೊಂದು ಉಳಿದಿದ್ದವು. ಯಾವುದು ಯಾವುದೋ ಗುರುತಿಲ್ಲ. ಬೆರಳು ತಾಗಿದರೆ ಕಂದು ಪುಡಿ ಉದುರಿ, ಬರೀ ತೆಳ್ಳನೆಯ ಪ್ಲಾಸ್ಟಿಕ್ ಕೈಗೆ ಬರುತ್ತಿತ್ತು. ದನಿ ಇರುವುದು ಆ ಪುಡಿಯಲ್ಲೇ. ಆದರೂ ಒಂದೊಂದನ್ನೇ ಬಿಚ್ಚಿ ತಂದು ಯಂತ್ರದಲ್ಲಿ ಓಡಿಸಿದ. ನಾಲ್ಕು ವರ್ಷದ ಬಿಸಿಲು ಎಲ್ಲವನ್ನೂ ತಿಂದು ಮುಗಿಸಿತ್ತು. ಆ ದಿನ ಗಿಡದ ಮೇಲೆ ಒಂದು ಎಳೆಯನ್ನೂ ಅವನು ಬಿಡಲಿಲ್ಲ.

ಶುಕ್ರವಾರ ರಜೆ ಹಾಕಿದ. ಜಯದೇವಿ ಆಸ್ಪತ್ರೆಗೆ ಹೋಗಿದ್ದಳು. ಮಧ್ಯಾಹ್ನದ ಬಿಸಿಲಿಗೆ ಪರದೆ ಎಳೆದು, ಬೆಸುಗೆ ಹಾಕಿದ ಮೂಲ ಟೇಪನ್ನೇ ಹಚ್ಚಿದ. ಕತ್ತರಿಸುವಾಗ ಕೊನೆಯ ಅಕ್ಷರವಾದರೂ ಉಳಿದಿರಬಹುದೇ ಎಂಬ ಆಸೆ. ಗಾಯಕರು ನಿಂತ ಜಾಗ ಬಂದಾಗ ವಾಲ್ಯೂಮ್ ಪೂರ್ತಿ ತಿರುಗಿಸಿದ. ತಂಬೂರಿ ಕೋಣೆಯನ್ನೆಲ್ಲ ನಡುಗಿಸಿತು. ಆ ಮೀಟುಗಳ ಸಂದಿನಲ್ಲಿ, ಬಹಳ ದೂರದಿಂದ, ಹೆಂಗಸೊಬ್ಬಳು ಕರೆದಳು.

"ರೀ..."

ಸಂಗನಬಸಪ್ಪ ಎದ್ದು ಅಡುಗೆಮನೆಗೆ ಹೋಗಿ ನೋಡಿದ. ಯಾರೂ ಇರಲಿಲ್ಲ. ಮುಂಬಾಗಿಲ ಚಿಲಕ ಹಾಕಿಯೇ ಇತ್ತು. ಬಂದು ಟೇಪು ಹಿಂದಕ್ಕೆ ಸುತ್ತಿ ಮತ್ತೆ ಹಾಕಿದ. ಮತ್ತೆ ಅದೇ ಜಾಗದಲ್ಲಿ, ಬೆಸುಗೆ ಬರುವುದಕ್ಕೆ ಮುಂಚೆ, ಅದೇ ಕರೆ. ಬೆಸುಗೆ ದಾಟಿತು. ಆಮೇಲೆ ಇನ್ನೊಂದು ಚೂರು.

"...ಕೇಳಿಸ್ತಾ ಇಲ್ವಾ ನಿಮಗೆ?"

ಆ ಮಾತು ಈ ಟೇಪಿನಲ್ಲಿ ಇಲ್ಲ. ಅದನ್ನು ಕತ್ತರಿಸಿದ್ದು ಅವನೇ, ಗಿಡಕ್ಕೆ ಹತ್ತಿಸಿದ್ದೂ ಅವನ ಹೆಂಡತಿಯೇ. ಇಲ್ಲದ ಮಾತು ಎರಡೂ ಕಡೆಯಿಂದ ಹೇಗೆ ಬರುತ್ತದೆ?

ಅವನು ಇಂಜಿನಿಯರ್, ಕಾರಣ ಹೊಳೆಯಲು ಬಹಳ ಹೊತ್ತು ಬೇಕಾಗಲಿಲ್ಲ. ಟೇಪನ್ನು ಸುರುಳಿ ಸುತ್ತಿಟ್ಟಾಗ ಒಂದು ಸುತ್ತಿನ ಮೇಲೆ ಇನ್ನೊಂದು ಸುತ್ತು ಒತ್ತಿಕೊಂಡಿರುತ್ತದೆ. ಗಟ್ಟಿ ದನಿಯೊಂದು ವರ್ಷಗಟ್ಟಲೆ ಹಾಗೇ ಇದ್ದರೆ, ಕೆಳಗಿನ ಸುತ್ತಿಗೂ ಮೇಲಿನ ಸುತ್ತಿಗೂ ಅದರ ಅಚ್ಚು ಹತ್ತುತ್ತದೆ, ಇಂಗಿನ ಡಬ್ಬಿಯ ಪಕ್ಕದಲ್ಲಿಟ್ಟ ಸಕ್ಕರೆಗೆ ವಾಸನೆ ಹತ್ತಿದ ಹಾಗೆ. ಈ ಟೇಪು ಕತ್ತರಿಸುವ ಮೊದಲು ಮೂರು ಬೇಸಿಗೆ ಗ್ಯಾರೇಜಿನ ಕಾವಿನಲ್ಲಿತ್ತು. ಅವನು ತೆಗೆದದ್ದು ಮಾತನ್ನು, ಮಾತಿನ ಅಚ್ಚು ಅಕ್ಕಪಕ್ಕದಲ್ಲಿ ಉಳಿದುಕೊಂಡಿತ್ತು. ಮುಂಚಿನ ಸುತ್ತಿನಲ್ಲಿ ಮಾತಿನ ತಲೆ, ಮುಂದಿನ ಸುತ್ತಿನಲ್ಲಿ ಬಾಲ. ನಡುವಿನ ಹಾಲು, ಒಲೆ ಎಲ್ಲ ಗಿಡದಲ್ಲಿ ಹೋಗಿತ್ತು.

ಕಾರಣ ಗೊತ್ತಾದರೂ ಹೆದರಿಕೆ ಹೋಗಲಿಲ್ಲ, ಹೆಚ್ಚಾಯಿತು. ಇಂಥ ಅಚ್ಚು ಗಟ್ಟಿಯಲ್ಲ. ಟೇಪು ಓಡಿದಾಗಲೆಲ್ಲ, ಸುತ್ತಿದಾಗಲೆಲ್ಲ ಸ್ವಲ್ಪ ಸ್ವಲ್ಪ ಅಳಿಸುತ್ತದೆ. ಮೂರನೆಯ ಸಲ ಕೇಳಿದಾಗ ಕರೆ ಮೊದಲಿಗಿಂತ ದೂರವಾದಂತಿತ್ತು. ನಾಲ್ಕನೆಯ ಸಲ ಇನ್ನೊಂದು ಟೇಪಿಗೆ ನಕಲು ಇಳಿಸಿ ನೋಡಿದ. ನಕಲಿನ ಸುಯ್ಗುಡುವಿಕೆಯಲ್ಲಿ ಅವಳು ಮುಳುಗಿಹೋಗಿದ್ದಳು. ಆಮೇಲೆ ಅವನು ಯಂತ್ರವನ್ನು ಮುಟ್ಟಲಿಲ್ಲ. ಗೆಳೆಯನ ಪಾಲಿನ ನಾಲ್ಕು ಕರೆಗಳನ್ನು ತಾನು ಕದ್ದು ಕೇಳಿದೆನೆಂದು ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಭಾನುವಾರ ಕೃಷ್ಣಸ್ವಾಮಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದ. ಗೋಪಿನಾಥ ಎಂದಿನಂತೆ ಸೋಫಾದ ತುದಿಯಲ್ಲಿ ಕೂತ. ಫ್ರಿಜ್ಜಿನ ಪ್ಲಗ್ಗನ್ನು ಈ ಸಲ ಜಯದೇವಿಯೇ ಕಿತ್ತಳು, ಕಿತ್ತು ಬಾಗಿಲಲ್ಲೇ ನಿಂತಳು. ಗಂಡನನ್ನು ನೋಡಿದಳು, ಹೇಳು ಎಂಬಂತೆ.

"ಆ ತುಂಡು ಇಲ್ಲ," ಎಂದ ಸಂಗನಬಸಪ್ಪ. "ಸುಳ್ಳು ಹೇಳಿದ್ದೆ. ಹಕ್ಕಿ ಬರಬಾರದಂತ ಪೇರಲ ಗಿಡಕ್ಕ ಕಟ್ಟಿದ್ವಿ."

ಕೃಷ್ಣಸ್ವಾಮಿ ಕಿಟಕಿಯಾಚೆ ಗಿಡವನ್ನು ನೋಡುತ್ತಿದ್ದ.

"ಬಂದ್ವಾ ಹಕ್ಕಿ?" ಎಂದು ಕೇಳಿದ.

"ಇಲ್ರಿ. ಒಂದೂ ಬರಲಿಲ್ಲ."

"ಸದ್ಯ, ಹಕ್ಕಿಗಳಾದ್ರೂ ಅವಳ ಮಾತು ಕೇಳಿದ್ವಲ್ಲ."

ಅವನು ಎದ್ದು ಹೊರಟ. ಸಂಗನಬಸಪ್ಪ ತೋಳು ಹಿಡಿದು ಕೂರಿಸಿ ಉಳಿದದ್ದನ್ನು ಹೇಳಿದ. ಸುತ್ತಿನ ಅಚ್ಚು, ಅಳಿಸಿಹೋಗುವುದು, ನಾಲ್ಕು ಸಲ ತಾನು ಕೇಳಿದ್ದು ಎಲ್ಲವನ್ನೂ ಹೇಳಿದ. ಕೃಷ್ಣಸ್ವಾಮಿಗೆ ಅರ್ಥವಾಯಿತೋ ಇಲ್ಲವೋ, ಹಾಕು ಎಂದ.

ಹಾಡು ಏರಿತು, ನಿಂತಿತು. ತಂಬೂರಿಯ ಮೀಟುಗಳ ನಡುವಿನಿಂದ ವತ್ಸಲಾ ಕರೆದಳು. ಜಯದೇವಿ ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಸಂಗನಬಸಪ್ಪ ನೋಡುತ್ತಿದ್ದುದು ಕೃಷ್ಣಸ್ವಾಮಿಯ ಬಲಗೈಯನ್ನು. ಅದು ತಾನಾಗಿ ಮೇಲೆದ್ದಿತು, ಅಂಗೈ ಹೊರಕ್ಕೆ ತಿರುಗಿತು, ಏಳು ವರ್ಷದ ಹಿಂದೆ ಎದ್ದ ಹಾಗೆಯೇ. ಎದೆಯ ಮಟ್ಟಕ್ಕೆ ಬರುವಷ್ಟರಲ್ಲಿ ಅವನು ಎಡಗೈಯಿಂದ ಅದನ್ನು ಹಿಡಿದು ಮಡಿಲಿಗೆ ಒತ್ತಿಕೊಂಡ. ಕೇಳಿಸ್ತಾ ಇಲ್ವಾ ಎಂಬ ಚೂರು ಬಂದು ಹೋಯಿತು, ಗಾಯಕರು ಮತ್ತೆ ಹಾಡತೊಡಗಿದರು. ಇನ್ನೊಂದು ಸಲ ಹಾಕಲೇ ಎಂದರೆ ಬೇಡವೆಂದ. ವರ್ಷಕ್ಕೊಂದು ಸಲ, ಅವಳ ಶ್ರಾದ್ಧದ ದಿನ ಸಾಕು ಎಂದ.

ಹಾಗೆಯೇ ನಡೆಯಿತು. ಕೃಷ್ಣಸ್ವಾಮಿ ವಾಲ್‌ನಟ್ ಮನೆ ಮಾರಿ ಸ್ಯಾನ್ ಡಿಯಾಗೋದಲ್ಲಿ ಪಾಠ ಹೇಳುವ ಕೆಲಸ ಹಿಡಿದ ಮೇಲೆ, ಸಂಗನಬಸಪ್ಪ ಟೇಪನ್ನು ಮಡಿಲಲ್ಲಿ ಹೂವಿನ ಬುಟ್ಟಿಯಂತೆ ಇಟ್ಟುಕೊಂಡು ಗೋಪಿನಾಥನ ಮನೆಗೆ ಹೋಗುವನು. ಡ್ರೈವ್ ಮಾಡುವುದು ಜಯದೇವಿ. ವರ್ಷವರ್ಷವೂ ವತ್ಸಲಾ ಇನ್ನಷ್ಟು ಹಿಂದೆ ಸರಿಯುತ್ತಿದ್ದಳು. ಬಾಗಿಲಲ್ಲಿ ನಿಂತು ಕರೆದಂತಿದ್ದದ್ದು ಹಿತ್ತಲಿಂದ ಕರೆದಂತಾಯಿತು, ಆಮೇಲೆ ಬೀದಿಯ ಆ ತುದಿಯಿಂದ. ವರ್ಷವರ್ಷವೂ ಕಾಗೆಗಳು ಪಿಂಡ ಮುಟ್ಟದೆ ತಂತಿಯ ಮೇಲೆ ಕೂತು ನೋಡುತ್ತಿದ್ದವು.

1984ರಲ್ಲಿ ಜಯದೇವಿಗೆ ಭಾನುವಾರದ ಶಿಫ್ಟ್ ಬಿದ್ದದ್ದರಿಂದ ಅವನೊಬ್ಬನೇ ಹೋದ. ಗೋಪಿನಾಥನ ಹೊಸ ಸ್ಪೀಕರುಗಳು ಬಾಗಿಲಿನಷ್ಟು ಎತ್ತರ. ಗಾಯಕರು ನಿಂತರು. ಸಂಗನಬಸಪ್ಪ ಉಸಿರು ಹಿಡಿದ. ತಂಬೂರಿ ಮಿಡಿಯಿತು, ಮತ್ತೆ ಮಿಡಿಯಿತು, ಮಧ್ಯೆ ಏನೂ ಇರಲಿಲ್ಲ. ಜೀವನವೆಲ್ಲ ಅವನು ಬೇಡಿದ ನಿಶ್ಶಬ್ದ ಕೊನೆಗೂ ಒಂದು ಕಲೆಯೂ ಇಲ್ಲದೆ ಸಿಕ್ಕಿತ್ತು. ಅದು ಇಷ್ಟು ಭಯಂಕರವಾಗಿರುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ಗೋಪಿನಾಥನೂ ಇಲ್ಲವೆಂದು ತಲೆಯಾಡಿಸಿದ.

ಆಗ ಕೃಷ್ಣಸ್ವಾಮಿ ಎದ್ದ. ಟೇಪು ಓಡುವಾಗ ಪಿಟ್ಟೆನ್ನಬಾರದೆಂಬ ನಿಯಮವನ್ನು ಹತ್ತು ಹನ್ನೆರಡು ವರ್ಷಗಳಲ್ಲಿ ಅವನು ಮುರಿದದ್ದು ಅದೊಂದೇ ಸಲ. "ಬಂದೆ ಕಣೇ," ಎನ್ನುತ್ತ ಪಡಸಾಲೆ ದಾಟಿ ಅಡುಗೆಮನೆಗೆ ನಡೆದ. ಇಬ್ಬರೂ ಹಿಂದೆಯೇ ಹೋದರು. ಗೋಪಿನಾಥನ ಹೆಂಡತಿ ಲೀಲಾ ಪಾಯಸಕ್ಕೆ ಹಾಲಿಟ್ಟು, ಬಾಗಿಲಿಗೆ ಬಂದ ಪಕ್ಕದ ಮನೆಯವಳ ಜೊತೆ ಹೊರಗೆ ನಿಂತಿದ್ದಳು. ಪಾತ್ರೆಯ ಹಾಲು ಕಂಠದ ಮಟ್ಟಕ್ಕೆ ಬಂದು ಉಬ್ಬಿತ್ತು. ಕೃಷ್ಣಸ್ವಾಮಿ ಒಲೆ ಆರಿಸಿದ. ಹಾಲು ಕೆಳಗಿಳಿಯಿತು, ಒಂದು ಹನಿಯೂ ಚೆಲ್ಲಲಿಲ್ಲ.

ಲೀಲಾ ಓಡಿಬಂದು, ಉಕ್ಕುವುದಕ್ಕೆ ಮೊದಲೇ ಹೇಗೆ ಗೊತ್ತಾಯಿತೆಂದು ಕೇಳಿದಳು. ಹಾಲು ಸೀದ ಮೇಲೆ ವಾಸನೆ ಬರುವುದುಂಟು. ಅದಕ್ಕೆ ಮೊದಲು ಯಾವ ವಾಸನೆ?

"ಕರೆದ್ಲಲ್ಲ," ಎಂದ ಕೃಷ್ಣಸ್ವಾಮಿ. ಅವನ ಮುಖ ಎಷ್ಟೋ ವರ್ಷಗಳ ನಂತರ ಹಗುರಾಗಿತ್ತು. ಗೋಪಿನಾಥ ಗೋಡೆಗೆ ಒರಗಿ ನಿಂತಿದ್ದ. ಹೊರಗಿನ ಕೋಣೆಯಲ್ಲಿ ಹಾಡು ತನ್ನ ಪಾಡಿಗೆ ನಡೆದಿತ್ತು.

ಹೊರಡುವಾಗ ಕಾರಿನ ತನಕ ಬಂದ ಕೃಷ್ಣಸ್ವಾಮಿಯನ್ನು ಸಂಗನಬಸಪ್ಪ ಕೇಳಿಯೇಬಿಟ್ಟ, ನಿಜವಾಗಿಯೂ ಕೇಳಿಸಿತೇ ಎಂದು. ಕೃಷ್ಣಸ್ವಾಮಿ ಅವನನ್ನು ವಿಚಿತ್ರವಾಗಿ ನೋಡಿದ.

"ಅಷ್ಟು ಜೋರಾಗಿ ಕರೆದ್ಲಲ್ಲೋ. ಯಾಕೆ, ನಿಂಗೆ ಕೇಳಿಸ್ಲಿಲ್ವಾ?"

"ಕೇಳಸ್ತು," ಎಂದ ಸಂಗನಬಸಪ್ಪ. ಆ ಗೆಳೆಯನಿಗೆ ಅವನು ಹೇಳಿದ ಎರಡನೆಯ ಸುಳ್ಳು ಅದು, ಅದರ ಬಗ್ಗೆ ಅವನಿಗೆ ಎಂದೂ ನಾಚಿಕೆಯಾಗಲಿಲ್ಲ.

ದಾರಿಯುದ್ದಕ್ಕೂ ಬಿಸಿಗಾಳಿ ಕಾರನ್ನು ಅಲುಗಾಡಿಸುತ್ತಿತ್ತು. ವೆಸ್ಟ್ ಕೊವಿನಾ ತಲುಪಿದಾಗ ಬಿಸಿಲಿನ್ನೂ ಇತ್ತು. ಕಾರಿನಿಂದ ಇಳಿಯುತ್ತಿದ್ದಂತೆ ಹಿತ್ತಲಿನಿಂದ ಗುಂಯ್ ಎಂಬ ಸದ್ದು ಬಂತು. ಬೇಲಿಯ ಪಕ್ಕದಿಂದ ಬಗ್ಗಿ ನೋಡಿದ. ಪೇರಲ ಗಿಡ ಗಾಳಿಗೆ ಬಾಗುತ್ತಿತ್ತು, ಅದರ ಮೇಲೆ ಟೇಪಿನ ಒಂದೆಳೆಯೂ ಇರಲಿಲ್ಲ. ಐದು ವರ್ಷದ ಹಿಂದೆ ತನ್ನ ಕೈಯಾರೆ ಬಿಚ್ಚಿದ್ದನಲ್ಲ. ಆದರೂ ಅದು ಗುನುಗುತ್ತಿತ್ತು. ತುಂಬಿದ ಹಣ್ಣುಗಳ ನಡುವೆ ಒಂದು ಹಕ್ಕಿಯೂ ಇರಲಿಲ್ಲ. ಸಂಗನಬಸಪ್ಪ ಕಾರಿನ ತೆರೆದ ಬಾಗಿಲಿಗೆ ಕೈಯಿಟ್ಟು ನಿಂತುಬಿಟ್ಟ.

"ಏನ್ರೀ, ಎಷ್ಟೊತ್ತಿನಿಂದ ಕರ್ಯಾಕತ್ತೀನಿ, ಕೇಳಸವಲ್ದೇನು ನಿಮಗ?"

ಅಡುಗೆಮನೆಯ ಕಿಟಕಿಯಿಂದ ಜಯದೇವಿ. ಶಿಫ್ಟ್ ಮುಗಿಸಿ ಆಗಲೇ ಬಂದಿದ್ದಳು.

"ಕೇಳಸ್ತು, ಕೇಳಸ್ತು, ಬಂದೆ," ಎಂದು ಕೂಗುತ್ತ, ಟೇಪನ್ನು ಸೀಟಿನ ಮೇಲೆ ಬಿಟ್ಟು, ಕಾರಿನ ಬಾಗಿಲನ್ನೂ ಹಾಕದೆ ಅವನು ಒಳಗೆ ಓಡಿದ.